ಹುಟ್ಟಿದ ಊರು ಸವಣೂರು

ಮೊನ್ನೆ ಹಾನಗಲ್ಲಿನ ಮಗಳ ಮನೆಯಲ್ಲಿ ಬೆಳಗಿನಿಂದ ಕರೆಂಟು ಇರಲಿಲ್ಲ. ಮೊಮ್ಮಗಳಿಗೆ ಧಾರವಾಡದಲ್ಲಿ ಬ್ಯಾಂಕಿನ ಸಂದರ್ಶನ. ಗಂಜಿ ಹಾಕಿ ಒಣಗಿಸಿದ ಸೀರೆ ಹಿಡಿದುಕೊಂಡು ಇಸ್ತ್ರಿ ಪೆಟ್ಟಿಗೆಯ ಮುಂದೆ ಅಳುಮೋರೆ ಮಾಡಿಕೊಂಡು ನಿಂತಿದ್ದಳು. ಬಿ.ಕಾಂ. ಓದಿದ ಹುಡುಗಿ, ಕರೆಂಟು ಹೋದರೆ ಕೈಕಾಲು ಆಡುವುದಿಲ್ಲ. ನಾನು ಒಲೆಯಿಂದ ನಾಲ್ಕು ಕೆಂಡ ತೆಗೆದು ಹಿತ್ತಾಳೆ ಚೊಂಬಿಗೆ ಹಾಕಿದೆ. ಚೊಂಬಿನ ಕಂಠವನ್ನು ಒದ್ದೆ ಬಟ್ಟೆಯಿಂದ ಹಿಡಿದು, ತಳದಿಂದ ಸೀರೆಯನ್ನು ತೀಡಿ ಕೊಟ್ಟೆ. "ಅಜ್ಜಿ, ಇದನ್ನ ಎಲ್ಲಿ ಕಲ್ತಿ?" ಎಂದು ಕೇಳಿದಳು. ಗಂಜಿ ಬಟ್ಟೆಗೆ ಬಿಸಿ ಹಿತ್ತಾಳೆ ತಾಗಿದಾಗ ಒಂದು ವಾಸನೆ ಏಳುತ್ತದೆ, ಅನ್ನ ತುಸು ತಳ ಹತ್ತಿದಂಥದು. ಅದು ಮೂಗಿಗೆ ಬಡಿದು ನಾನು ಐವತ್ತು ವರ್ಷ ಹಿಂದಿನ ಶಿಗ್ಗಾಂವಿಯ ನಮ್ಮ ಪಡಸಾಲೆಯಲ್ಲಿ ಕುಳಿತಿದ್ದೆ. ತೀಡುತ್ತಿದ್ದದ್ದು ಸೀರೆಯಲ್ಲ, ಒಂದು ಬಿಳಿ ಕೋಟು…

ಆ ಕೋಟು ನಮ್ಮಪ್ಪನದು. ಅದನ್ನು ತೊಟ್ಟುಕೊಂಡು ನೌಕರಿಯ ಮುಲಾಖತ್ತಿಗೆ ಹೋಗಬೇಕಾದವನು ಮಾವ. ನಮ್ಮವ್ವನ ಅಣ್ಣನ ಮಗ, ನನಗಿಂತ ಐದಾರು ವರ್ಷ ದೊಡ್ಡವನು. ಅವನ ಅಪ್ಪನನ್ನು ನಾನು ದೊಡ್ಡಮಾವ ಎನ್ನುತ್ತಿದ್ದೆ, ಇವನನ್ನು ಬರೀ ಮಾವ. ಎದುರುಬದುರು ಮನೆ. ನಡುವೆ ಒಂದು ಗಾಡಿ ಹೋಗುವಷ್ಟು ಓಣಿ. ಇವನನ್ನು ಹಡೆದ ದಿನವೇ ಇವನ ತಾಯಿ ತೀರಿಕೊಂಡಿದ್ದಳು. ದೊಡ್ಡಮಾವ ಇನ್ನೊಂದು ಮದುವೆಯಾಗಲಿಲ್ಲ. ಆಗಷ್ಟೇ ಗಂಡನ ಮನೆಗೆ ಬಂದಿದ್ದ ನಮ್ಮವ್ವ, ಕೂಸನ್ನು ಊರಿಗೆ ತಂದ ದಿನವೇ ಓಣಿ ದಾಟಿ ಹೋಗಿ ಕೂಸನ್ನು ಎತ್ತಿಕೊಂಡು ಬಂದಳು. ಆಕಳ ಹಾಲಿನಲ್ಲಿ ಬತ್ತಿ ಅದ್ದಿ ಕುಡಿಸಿ ಬೆಳೆಸಿದಳು. ಊಟ, ಸ್ನಾನ, ಜ್ವರ ಎಲ್ಲ ನಮ್ಮ ಮನೆಯಲ್ಲಿ, ರಾತ್ರಿ ನಿದ್ದೆ ಮಾತ್ರ ಅವರ ಮನೆಯಲ್ಲಿ. ನಾನು ಹುಟ್ಟಿದಾಗ ಹೆಣ್ಣು ಎಂದು ಗೊತ್ತಾದ ಕೂಡಲೇ ಹಿರಿಯರು, ಆಯಿತು, ಎದುರುಮನೆಗೆ ಸೊಸೆ ಬಂದಳು ಎಂದು ಸಕ್ಕರೆ ಹಂಚಿದರಂತೆ. ನಮ್ಮಲ್ಲಿ ಅದು ಹೊಸದಲ್ಲ.

ಮಾವ ಧಾರವಾಡದಲ್ಲಿ ಬಿ.ಎ. ಮಾಡಿ ಬಂದ. ನಮ್ಮ ಓಣಿಗೆ ಮೊದಲನೆಯ ಬಿ.ಎ. ಅವನು ಸರ್ವೀಸ್ ಮೋಟಾರಿನಿಂದ ಇಳಿದ ದಿನ ಓಣಿಯ ಹೆಂಗಸರು ಆರತಿ ಎತ್ತಿದರು. ಮುಂದಿನ ಶ್ರಾವಣದೊಳಗೆ ಮಾಮಲೇದಾರನೇ ಆಗಿಬಿಡುತ್ತಾನೆ ಎಂಬ ಹಾಗೆ ಎಲ್ಲರೂ ಮಾತಾಡಿದರು. ಆದರೆ ಅದು ಪೇಟೆ ಕುಸಿದ ಕಾಲ. ಹತ್ತಿ ಕೇಳುವವರಿಲ್ಲ, ಮೆಣಸಿನಕಾಯಿ ಕೇಳುವವರಿಲ್ಲ, ಸರಕಾರ ಇದ್ದ ಕಾರಕೂನರನ್ನೇ ಮನೆಗೆ ಕಳಿಸುತ್ತಿತ್ತು. ದೊಡ್ಡಮಾವನ ಬಟ್ಟೆ ಅಂಗಡಿಯಲ್ಲಿ ಮಗ್ಗದ ಸೀರೆಗಳು ಮಡಿಕೆ ಬಿಚ್ಚದೆ ಹಳದಿ ಬಣ್ಣಕ್ಕೆ ತಿರುಗುತ್ತಿದ್ದವು. ನಮ್ಮಪ್ಪ ದಲಾಲಿಯ ಮೇಲೆ ಮಾಲು ಮಾರಿಸುವ ಅಡತಿ ವ್ಯಾಪಾರಿ, ಕೆಟ್ಟವನಲ್ಲ, ಆದರೆ ಮಾತು ತೂಕ ಮಾಡಿ ಆಡುವವನು. ಒಂದು ದಿನ ಊಟಕ್ಕೆ ಕುಳಿತಾಗ ಹೇಳಿಬಿಟ್ಟ: "ನೌಕರಿ ಹತ್ತಲಿ, ಮರುದಿನಾನ ಅಕ್ಕಿಕಾಳು ಹಾಕೂಣು. ನೌಕರಿ ಇಲ್ಲದ ಮದಿವಿ ಬ್ಯಾಡ."

ಅಂದರೆ ಅವನಿಗೆ ನೌಕರಿ ಸಿಗಬೇಕು, ನಾನು ಓಣಿ ದಾಟಬೇಕು. ನನ್ನ ಇಡೀ ಬಾಳು ಆ ಒಂದು ಮಾತಿಗೆ ತೂಗುಬಿದ್ದಿತ್ತು. ಮಾವನಿಗೂ ಗೊತ್ತಿತ್ತು. ಆದರೆ ಅವನು ಅದನ್ನು ಬಾಯಿಬಿಟ್ಟು ಹೇಳುವವನಲ್ಲ. ಅರ್ಜಿ ಬರೆಯುವುದೇ ಅವನು ಆಡುವ ಮಾತಾಗಿತ್ತು.

ಈಗಿನವರಿಗೆ ಅರ್ಜಿ ಎಂದರೆ ಅಚ್ಚು ಹಾಕಿದ ಹಾಳೆ ತುಂಬುವುದು. ಆಗ ಅರ್ಜಿ ಬರೆಯುವುದು ಒಂದು ವಿದ್ಯೆ. ಮಾವ ದೊಡ್ಡ ಹಾಳೆಯ ಮೇಲೆ ಸೀಸದ ಕಡ್ಡಿಯಿಂದ ತೆಳ್ಳಗೆ ಗೆರೆ ಹಾಕಿಕೊಳ್ಳುತ್ತಿದ್ದ. ಎಡಕ್ಕೆ ನಾಲ್ಕು ಬೆರಳು ಜಾಗ ಬಿಡುತ್ತಿದ್ದ, ಅದು ಸಾಹೇಬರು ಷರಾ ಬರೆಯುವ ಜಾಗವಂತೆ. ಶಾಯಿಯಲ್ಲಿ ಅದ್ದಿದ ಟಾಕಿನಿಂದ ಮುತ್ತಿನಂಥ ಇಂಗ್ಲಿಷ್ ಅಕ್ಷರ ಬರೆಯುತ್ತಿದ್ದ. ಶಾಯಿ ಒಣಗಿದ ಮೇಲೆ ರೊಟ್ಟಿಯ ಹಿಟ್ಟಿನ ಉಂಡೆಯಿಂದ ಸೀಸದ ಗೆರೆಗಳನ್ನು ಉಜ್ಜಿ ತೆಗೆಯುತ್ತಿದ್ದ. ಹಿಟ್ಟು ಕೊಡುವ ಕೆಲಸ ನನ್ನದು. ಒಂದು ಅಕ್ಷರ ಕೆಟ್ಟರೆ ಹಾಳೆಯನ್ನೇ ಹರಿದು ಮತ್ತೆ ಮೊದಲಿನಿಂದ ಬರೆಯುತ್ತಿದ್ದ. ಕಾಲೇಜಿನ ಗುರುಗಳು ಕೊಟ್ಟ ಶಿಫಾರಸು ಪತ್ರಗಳ ನಕಲು ಪ್ರತಿ ಅರ್ಜಿಗೂ ಹೊಸದಾಗಿ ಆಗಬೇಕು. ಅವಕ್ಕೆ ಕಚೇರಿಯ ಮುದ್ರೆ ಬೀಳಬೇಕು. ಅದಕ್ಕಾಗಿ ಕಚೇರಿಯ ಕಟ್ಟೆಯ ಮೇಲೆ ಮಧ್ಯಾಹ್ನವಿಡೀ ಕಾದು ಕೂರಬೇಕು. ಕಾರಕೂನನಿಗೆ ತಾಂಬೂಲ ಕೊಟ್ಟವರದು ಮೊದಲು ಆಗುತ್ತಿತ್ತು. ಮಾವ ತಾಂಬೂಲ ಒಯ್ಯುತ್ತಿರಲಿಲ್ಲ.

ಅರ್ಜಿಯ ಕೊನೆಗೆ ಒಂದು ಸಾಲು ಇರುತ್ತಿತ್ತು. ಅದರ ಅರ್ಥ ಏನು ಎಂದು ಒಮ್ಮೆ ಕೇಳಿದೆ. "ತಮ್ಮ ಅತ್ಯಂತ ವಿಧೇಯ ಸೇವಕ ಅಂತ" ಎಂದ.

"ಅವ್ವ ನೀರ ಸೇದಿಕೊಡು ಅಂದ್ರ ಮೂರು ಸಲ ಕರೀಬೇಕು. ಇಲ್ಲಿ ನೋಡಿದ್ರ ಅತ್ಯಂತ ವಿಧೇಯ" ಎಂದೆ. ಅವನು ನಕ್ಕು ಶಾಯಿ ಚೆಲ್ಲಿಬಿಟ್ಟ. ಆ ಹಾಳೆಯೂ ಹೋಯಿತು. ನಮ್ಮವ್ವ ಪ್ರತಿ ಲಕೋಟೆಯ ಒಳಗೆ ಮೂಲೆಯಲ್ಲಿ ಚಿಟಿಕೆ ವಿಭೂತಿ ಸವರದೆ ಅಂಟಿಸಗೊಡುತ್ತಿರಲಿಲ್ಲ. ಮುಂಬಯಿ ಪ್ರಾಂತದ ಕಚೇರಿಗಳಲ್ಲಿ ಆ ವರ್ಷಗಳಲ್ಲಿ ಎಷ್ಟು ವಿಭೂತಿ ಉದುರಿತೋ ಶಿವನೇ ಬಲ್ಲ.

ಉತ್ತರವೇ ಬರುತ್ತಿರಲಿಲ್ಲ. ಟಪಾಲಿನವನು ಓಣಿಯೊಳಗೆ ಕಾಲಿಟ್ಟರೆ ನಾನು ಕಸಬರಿಗೆ ಹಿಡಿದು ಬಾಗಿಲಿಗೆ ಬರುತ್ತಿದ್ದೆ. ದಿನಕ್ಕೆ ಎರಡು ಸಲ ಅಂಗಳ ಗುಡಿಸಿದ್ದಕ್ಕೆ ಅವ್ವ ನನ್ನನ್ನು ಚೇಷ್ಟೆ ಮಾಡುತ್ತಿದ್ದಳು. ಕೊನೆಗೆ ಒಂದು ಅರ್ಜಿ ತಿರುಗಿ ಬಂತು. ಎಡಗಡೆ ಬಿಟ್ಟ ನಾಲ್ಕು ಬೆರಳು ಜಾಗದಲ್ಲಿ ಕೆಂಪು ಶಾಯಿಯ ಷರಾ ಇತ್ತು. ಮಾವ ಓದಿದ, ಮತ್ತೆ ಓದಿದ, ಮಡಿಚಿ ಅಪ್ಪನ ಕೈಗೆ ಕೊಟ್ಟ. ಹುಟ್ಟಿದ ಊರು ಎಂಬಲ್ಲಿ ಅವನು ಸವಣೂರು ಎಂದು ಬರೆದಿದ್ದ. ಸವಣೂರು ನವಾಬರ ಸಂಸ್ಥಾನ. ಸಂಸ್ಥಾನದ ಪ್ರಜೆಗೆ ಈ ನೌಕರಿ ಇಲ್ಲ ಎಂದು ಷರಾ.

ನಕ್ಕರೆ ನಗಬೇಕು, ಅತ್ತರೆ ಅಳಬೇಕು. ಶಿಗ್ಗಾಂವಿಯಿಂದ ಸವಣೂರಿಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಬುತ್ತಿ ಬಿಚ್ಚುವುದರೊಳಗೆ ಊರು ಬರುತ್ತದೆ. ನಡುವೆ ಒಂದು ನಾಕಾ, ಅಲ್ಲಿ ತೂಕಡಿಸುವ ಒಬ್ಬ ಸಿಪಾಯಿ. ಆಚೆಗೆ ನವಾಬರದು, ಈಚೆಗೆ ಇಂಗ್ರೇಜಿಯವರದು. ಹೆಣ್ಣು ಕೊಟ್ಟು ತರುವವರು ನಾಕಾ ನೋಡುತ್ತಿದ್ದರೇ? ಮಾವನ ತಾಯಿಯ ತವರು ಸವಣೂರು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂಬುದು ನಮ್ಮ ಸೀಮೆಯ ಕಟ್ಟಳೆ. ಏಳು ತಿಂಗಳಿಗೆ ಕುಪ್ಪಸದ ಶಾಸ್ತ್ರ ಮಾಡಿ ಬಂಡಿಯಲ್ಲಿ ಕೂಡಿಸಿ ಕಳಿಸಿಕೊಟ್ಟಿದ್ದರು. ಹಾಗೆ ಹೋದವಳು ತಿರುಗಿ ಬರಲಿಲ್ಲ, ಕೂಸು ಬಂತು. ಕಾನೂನು ನಿಜವಾಗಿ ಏನು ಹೇಳುತ್ತಿತ್ತೋ ನನಗೆ ಈಗಲೂ ಪೂರ್ತಿ ತಿಳಿಯದು. ತಂದೆಯ ಊರು ನೋಡಬೇಕೋ, ತಾಯಿ ಬೇನೆ ತಿಂದ ಊರು ನೋಡಬೇಕೋ, ಅದನ್ನು ನಿರ್ಧರಿಸಿದವನು ಕೆಂಪು ಶಾಯಿಯ ಯಾವನೋ ಒಬ್ಬ ಕಾರಕೂನ.

ಅಪ್ಪ ಹೆದರುವ ಆಳಲ್ಲ. ಊರ ಪಾಟೀಲರ ಬಳಿಗೆ ಹೋಗಿ, ಇವನು ಹುಟ್ಟಿದ್ದು ಶಿಗ್ಗಾಂವಿಯಲ್ಲೇ ಎಂದು ದಾಖಲೆ ಬರೆಸಿಕೊಂಡು ಬಂದ. ಪಾಟೀಲರು, ನಮ್ಮೂರ ಹುಡುಗ ನಮ್ಮೂರಾಗ ಹುಟ್ಟಲಾರದ ಎಲ್ಲಿ ಹುಟ್ಟತಾನ, ಎಂದು ಸಹಿ ಹಾಕಿದರಂತೆ. ಮಾವ ಆ ಹಾಳೆಯನ್ನು ಸ್ವಲ್ಪ ಹೊತ್ತು ನೋಡಿದ. ಬೇಡ ಎನ್ನಲಿಲ್ಲ. ಅವನು ಹರಿಶ್ಚಂದ್ರನೇನೂ ಆಗಿರಲಿಲ್ಲ, ಅವನಿಗೂ ನೌಕರಿ ಬೇಕಿತ್ತು. ನನ್ನ ಕಡೆ ಒಮ್ಮೆ ನೋಡಿ, "ಒಂದು ಊರಿನ ಹೆಸರು ತಾನ" ಎಂದ. ಹೊಸ ಅರ್ಜಿಯಲ್ಲಿ ಶಿಗ್ಗಾಂವಿ ಎಂದು ಬರೆದ.

ಈ ಸಲ ಕರೆ ಬಂತು. ಧಾರವಾಡದ ಒಂದು ಕಚೇರಿಯಲ್ಲಿ ಕಾರಕೂನನ ಜಾಗ. ಮೊದಲು ಬರವಣಿಗೆಯ ಪರೀಕ್ಷೆ, ಅದರಲ್ಲಿ ಉಳಿದವರಿಗೆ ಮುಲಾಖತ್ತು. ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಹೇಳಿ ಬರೆಸಿದರಂತೆ, ರೈತನೊಬ್ಬನ ಉದ್ದ ತಕರಾರನ್ನು ಹತ್ತು ಸಾಲಿಗೆ ಇಳಿಸು ಎಂದರಂತೆ, ಕನ್ನಡದ ಕಾಗದವನ್ನು ಇಂಗ್ಲಿಷಿಗೆ ಮಾಡಿಸಿದರಂತೆ, ಬಡ್ಡಿ ಲೆಕ್ಕ ಕೊಟ್ಟರಂತೆ. ಅವೆಲ್ಲ ಮಾವನಿಗೆ ನೀರು ಕುಡಿದ ಹಾಗೆ. ಬಂದವರಲ್ಲಿ ಅವನ ಹೆಸರೇ ಮೇಲಿದೆ ಎಂದು ಕಚೇರಿಯ ಕಡೆಯಿಂದ ಅಪ್ಪನಿಗೆ ಸುದ್ದಿ ಬಂತು. ಅವ್ವ ಆ ದಿನ ಹುಗ್ಗಿ ಮಾಡಿದಳು. ನಾನು ಬಡಿಸುವಾಗ ಮಾವನ ಎಲೆಗೆ ತುಪ್ಪ ಹೆಚ್ಚು ಬಿತ್ತು.

ಹೆದರಿಕೆ ಇದ್ದದ್ದು ಮುಲಾಖತ್ತಿನದು. ಮಾವನಿಗೆ ಎಲ್ಲ ಬರುತ್ತಿತ್ತು, ತನಗೆ ಬರುತ್ತದೆ ಎಂದು ಹೇಳುವುದೊಂದು ಬರುತ್ತಿರಲಿಲ್ಲ. ಹಿರಿಯರ ಮುಂದೆ ತಲೆ ತಗ್ಗಿಸಬೇಕು, ತನ್ನ ಹೊಗಳಿಕೆ ತಾನು ಹೇಳಬಾರದು ಎಂದು ನಮ್ಮವ್ವನೇ ಬೆಳೆಸಿದ್ದಳು. ಈಗ ತಲೆ ಎತ್ತು, ಹೇಳು ಎಂದರೆ ಹೇಗೆ? ಅದಕ್ಕೆ ನಾನೇ ಸಾಹೇಬನಾದೆ. ಮಧ್ಯಾಹ್ನ ಅಪ್ಪ ಅಂಗಡಿಗೆ ಹೋದ ಮೇಲೆ ಅವನ ರುಮಾಲು ತಲೆಗೆ ಸುತ್ತಿಕೊಂಡು ಪಡಸಾಲೆಯಲ್ಲಿ ಮಣೆಯ ಮೇಲೆ ಕುಳಿತುಕೊಳ್ಳುತ್ತಿದ್ದೆ. ಅವ್ವ ಜೋಳ ಹಸನು ಮಾಡುತ್ತ ಒಳಗಿನಿಂದ ನಗುತ್ತಿದ್ದಳು. ಮಾವ ಬಾಗಿಲಿನಿಂದ ಬರಬೇಕು, ನಮಸ್ಕಾರ ಹೇಳಬೇಕು, ಕುಳಿತುಕೊ ಎನ್ನುವವರೆಗೆ ನಿಲ್ಲಬೇಕು, ಕುಳಿತ ಮೇಲೆ ನನ್ನ ಮುಖ ನೋಡಿ ಮಾತಾಡಬೇಕು. ಮುಖ ನೋಡುವುದು ಅವನಿಗೆ ಆಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅವನು ನೋಡಿದಾಗ ನನಗೂ ಆಗುತ್ತಿರಲಿಲ್ಲ.

"ನಿಮಗ ಯಾಕ ಈ ನೌಕರಿ ಕೊಡಬೇಕ್ರಿ?" ಎಂದು ಗಡಸು ದನಿಯಲ್ಲಿ ಕೇಳುತ್ತಿದ್ದೆ.

"ಹಂಗ ನೋಡಿದ್ರ ನನಗಿಂತ ಶ್ಯಾಣ್ಯಾ ಮಂದಿ ಭಾಳ ಅದಾರ್ರಿ" ಎನ್ನುತ್ತಿದ್ದ.

"ಹಂಗಾರ ಅವರನ್ನ ಕಳಸು, ನೀ ಮನಿಗಿ ನಡಿ" ಎಂದು ಮಣೆ ಕುಟ್ಟುತ್ತಿದ್ದೆ. "ಆತ್ರಿ ಸಾಹೇಬ್ರ" ಎಂದು ನಿಜವಾಗಿಯೂ ಎದ್ದು ಹೊರಟುಬಿಡುತ್ತಿದ್ದ. ಮತ್ತೆ ಕರೆಯಬೇಕು, ಮತ್ತೆ ಕೂಡಿಸಬೇಕು. ಹುಟ್ಟಿದ ಊರು ಯಾವುದು ಎಂದು ದಿನಕ್ಕೆ ಎಷ್ಟು ಸಲ ಕೇಳಿದೆನೋ. ಮೊದಮೊದಲು ನಾಲಿಗೆ ತಡವರಿಸುತ್ತಿತ್ತು. ಆಮೇಲೆ ಕೇಳಿದ ಕೂಡಲೇ ಶಿಗ್ಗಾಂವಿ ಎನ್ನುವುದು ರೂಢಿಯಾಯಿತು. ಎಲ್ಲ ಪ್ರಶ್ನೆ ಕೇಳಿ ಮುಗಿಸಿದ್ದೇವೆ ಎಂದು ನಾವು ತಿಳಿದಿದ್ದೆವು. ತಾಯಿಯ ಮಾತು ನಮ್ಮ ಮನೆಯಲ್ಲಿ ಬರುತ್ತಲೇ ಇರಲಿಲ್ಲ. ಅವನ ಎದುರಿಗೆ ಆ ಮಾತು ತೆಗೆಯಬಾರದು, ಹುಡುಗನಿಗೆ ನೋವಾಗುತ್ತದೆ ಎಂದು ದೊಡ್ಡವರು ಎಂದೋ ಗೊತ್ತುಮಾಡಿದ್ದರು. ಅದು ಮುಂದುವರಿದಿತ್ತು.

ಮುಲಾಖತ್ತಿನ ಹಿಂದಿನ ದಿನ ನಾನು ಅಪ್ಪನ ಕೋಟು ತೊಳೆದು ಗಂಜಿ ಹಾಕಿ ಚೊಂಬಿನಿಂದ ತೀಡಿದೆ. ಹೆಗಲು ಅಗಲವಾಗಿತ್ತು, ಅವ್ವ ಒಳಗಿನಿಂದ ಎರಡು ಹೊಲಿಗೆ ಹಾಕಿ ಹಿಡಿದಳು. ಬೆಳಿಗ್ಗೆ ಅವನು ಕೋಟು ಹಾಕಿಕೊಂಡು, ವಿಭೂತಿ ಹಚ್ಚಿಕೊಂಡು, ಹಿರಿಯರಿಗೆ ನಮಸ್ಕಾರ ಮಾಡಿ ಮೋಟಾರು ಹತ್ತಿದ. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ನನ್ನ ಕಡೆಗೆ ಮುಖ ಮಾಡಿ, ತಲೆ ಎತ್ತಿ, ಕಣ್ಣು ನೋಡಿ, "ಬರ್ತೇನ್ರಿ ಸಾಹೇಬ್ರ" ಎಂದ. ಕಲಿಸಿದ್ದು ಬಂತಲ್ಲ ಎಂದು ನನಗೆ ಎಷ್ಟು ಸಂತೋಷವಾಯಿತು…

ಮರುದಿನ ಸಂಜೆ ತಿರುಗಿ ಬಂದ. ಕೋಟನ್ನು ಮಡಿಚಿ ಕೈಯಲ್ಲಿ ಹಿಡಿದಿದ್ದ. ಕಟ್ಟೆಯ ಮೇಲೆ ಕುಳಿತು ನೀರು ಕೇಳಿದ. ಅಪ್ಪ, ದೊಡ್ಡಮಾವ ಎದುರಿಗೆ ನಿಂತರು, ಅವ್ವ ಮತ್ತು ನಾನು ಬಾಗಿಲಲ್ಲಿ. ನಡೆದದ್ದನ್ನು ಅವನೇ ಹೇಳಿದ. ಸಾಹೇಬರು ನಮ್ಮ ಕಡೆಯವರೇ, ವಯಸ್ಸಾದ ಕನ್ನಡದವರು. ಅವನ ಅಕ್ಷರ ನೋಡಿ ಮೆಚ್ಚಿದರು. ಕೇಳಿದ್ದಕ್ಕೆಲ್ಲ ಅವನು ತಡವರಿಸದೆ ಹೇಳಿದ. ಹುಟ್ಟಿದ ಊರು ಕೇಳಿದರು, ಶಿಗ್ಗಾಂವಿ ಎಂದ. ಬರೆದುಕೊಂಡರು. ಎಲ್ಲ ಮುಗಿದು ಪೆನ್ನಿಗೆ ಟೊಪ್ಪಿಗೆ ಹಾಕುತ್ತ ಅವರು, ಸುಮ್ಮನೆ, ಮನೆಯವರು ಕೇಳುವ ಹಾಗೆ, "ತಾಯಿ ಅದಾರೇನಪಾ?" ಎಂದರಂತೆ.

"ಇಲ್ಲರಿ. ನನ್ನ ಹಡದು ತೀರಿಕೊಂಡಳ್ರಿ."

"ಅಯ್ಯೋ ಪಾಪ. ನೀ ಚೊಚ್ಚಲ ಮಗ ಏನು?"

"ಹೌದ್ರಿ."

"ಎಲ್ಲಿ ಆಕಿ ತವರು?"

"ಸವಣೂರ್ರಿ."

ಅಷ್ಟೇ. ಬಾಯಿಂದ ಬಂದ ಮೇಲೆ ಅವನಿಗೂ ತಿಳಿಯಿತು, ಅವರಿಗೂ ತಿಳಿಯಿತು. ಪರದೇಶದ ಸಾಹೇಬನಾಗಿದ್ದರೆ ತಿಳಿಯುತ್ತಿರಲಿಲ್ಲ. ಚೊಚ್ಚಲ ಎಂದರೆ ತವರು, ತವರು ಎಂದರೆ ಹುಟ್ಟಿದ ಊರು ಎಂದು ಈ ಸೀಮೆಯಲ್ಲಿ ಹುಟ್ಟಿದವರಿಗೆ ಹೇಳಿಕೊಡಬೇಕೇ? ಸಾಹೇಬರು ಪೆನ್ನು ಕೆಳಗಿಟ್ಟರಂತೆ. ಪಕ್ಕದಲ್ಲಿ ಇನ್ನಿಬ್ಬರು ಇದ್ದರು, ಅವರೂ ಕೇಳಿಸಿಕೊಂಡಿದ್ದರು. ಸಾಹೇಬರು ಪಾಟೀಲರ ದಾಖಲೆಯನ್ನು ತಿರುಗಿ ಮಾವನ ಕೈಗೆ ಕೊಟ್ಟು, "ಇದನ್ನ ಮನಿಗಿ ಒಯ್ಯಪಾ. ನಾ ನೋಡಿಲ್ಲ" ಎಂದರಂತೆ. ಹಿಡಿದು ಕೇಸು ಮಾಡಲಿಲ್ಲ, ಅದು ಅವರ ದೊಡ್ಡತನ. ಕೈಗೆ ಬಂದ ತುತ್ತು ಮಾತ್ರ ಬಾಯಿಗೆ ಬರಲಿಲ್ಲ.

"ಕಲ್ತು ಕಲ್ತು ಕಡೀಕ ಅಲ್ಲಿ ಹೋಗಿ ಇದನ್ನ ಹೇಳಿದಿ ಏನೋ" ಎಂದ ಅಪ್ಪ. ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು ಆ ದನಿಯಲ್ಲಿ.

ಮಾವ ಅಪ್ಪನನ್ನು ನೋಡಲಿಲ್ಲ. ತನ್ನ ಅಪ್ಪನನ್ನೂ ನೋಡಲಿಲ್ಲ. "ಹುಟ್ಟಿದಾಗಿಂದ ಅಕಿನ್ನ ಯಾರೂ ಕೇಳಿದ್ದಿಲ್ಲ" ಎಂದ. "ಅವರು ಕೇಳಿದ್ರು. ಹೇಳಿದ್ನಿ."

ದೊಡ್ಡಮಾವ ರುಮಾಲಿನ ತುದಿಯಿಂದ ಮುಖ ಮುಚ್ಚಿಕೊಂಡು ಓಣಿ ದಾಟಿ ಮನೆಯೊಳಗೆ ಹೋದ. ಅವ್ವ ಕಟ್ಟೆಯ ಮೇಲೆ ಮಾವನ ಪಕ್ಕದಲ್ಲೇ ಕುಳಿತುಬಿಟ್ಟಳು, ಗಂಡನ ಎದುರಿಗೆ ಎಂದೂ ಹಾಗೆ ಕುಳಿತವಳಲ್ಲ. ನನಗೆ ಆ ಸಾಹೇಬರ ಮೇಲೆ ಕೆಟ್ಟ ಸಿಟ್ಟು ಬಂತು. ಕಠಿಣವಾಗಿ ಕೇಳಿದ್ದರೆ ಅವನು ಗೆದ್ದು ಬರುತ್ತಿದ್ದ. ಪ್ರೀತಿಯಿಂದ ಕೇಳಿದರು. ಅದಕ್ಕೆ ನಾವು ಅವನನ್ನು ತಯಾರು ಮಾಡಿರಲಿಲ್ಲ. ಆ ರಾತ್ರಿ ನಾನು ಅತ್ತದ್ದು ನನ್ನ ಮದುವೆಗಾಗಿಯೋ, ನಾನು ಕಾಣದ ಆ ಅತ್ತೆಗಾಗಿಯೋ ನನಗೇ ತಿಳಿಯಲಿಲ್ಲ.

ಆಮೇಲೆ ಅವನು ಸವಣೂರಿಗೇ ಹೋಗಿ ಸಂಸ್ಥಾನದ ಕಚೇರಿಯಲ್ಲಿ ಅರ್ಜಿ ಹಾಕಿದ. ಅಲ್ಲಿ ತಂದೆಯ ಊರು ಕೇಳಿದರು. ಶಿಗ್ಗಾಂವಿ ಎಂದರೆ, "ಹಂಗಾರ ನೀವು ಇಂಗ್ರೇಜಿ ಮುಲುಕಿನವ್ರು, ಅಲ್ಲೇ ಕೇಳ್ರಿ" ಎಂದರು. ಇಲ್ಲಿ ತಾಯಿ ಅಡ್ಡ, ಅಲ್ಲಿ ತಂದೆ ಅಡ್ಡ. ಹಿರೇಬೆಂಡಿಗೇರಿಯ ಗೌಡರೊಬ್ಬರ ಮಕ್ಕಳಿಗೆ ಪಾಠ ಹೇಳಲು ನಿಂತ. ವಾರಕ್ಕೊಮ್ಮೆ ನಡೆದುಕೊಂಡು ಊರಿಗೆ ಬರುತ್ತಿದ್ದ. ಅರ್ಜಿ ಬರೆಯುವುದನ್ನು ಬಿಡಲಿಲ್ಲ. ಆದರೆ ಮೊದಲಿನಂತೆ ಹಾಳೆ ಕೆಟ್ಟರೆ ಹರಿಯುತ್ತಿರಲಿಲ್ಲ, ಹಾಗೇ ಗೆರೆ ಹೊಡೆದು ಮುಂದೆ ಬರೆಯುತ್ತಿದ್ದ. ಅದನ್ನು ನೋಡಿದಾಗ ನನಗೆ ಭಯವಾಯಿತು.

ಎರಡು ವರ್ಷ ಅಪ್ಪ ಕಾದ. ಅವನಿಗೆ ನಾನು ಇಂದಿಗೂ ಶಾಪ ಹಾಕಲಾರೆ. ನನ್ನ ವಯಸ್ಸಿನವರ ಕಂಕುಳಲ್ಲಿ ಕೂಸುಗಳಿದ್ದವು, ಜನ ಬಾಯಿಗೆ ಬಂದದ್ದು ಆಡುತ್ತಿದ್ದರು. ಹಿರೇಕೆರೂರಿನ ಹತ್ತಿ ವ್ಯಾಪಾರಿಗಳ ಮನೆಯಿಂದ ಕೇಳಿಕೊಂಡು ಬಂದರು. ಅಪ್ಪ ಓಣಿ ದಾಟಿ ಹೋಗಿ ದೊಡ್ಡಮಾವನ ಕೈ ಹಿಡಿದುಕೊಂಡು ಬಹಳ ಹೊತ್ತು ಕುಳಿತು ಬಂದ. ನನ್ನನ್ನು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿ ಇರಲಿಲ್ಲ. ಕೇಳಿದ್ದರೆ ನಾನು ಹೇಳುತ್ತಿದ್ದೆ, ಇನ್ನೂ ಹತ್ತು ವರ್ಷ ಅಂಗಳ ಗುಡಿಸುತ್ತೇನೆ ಎಂದು.

ನನ್ನ ಲಗ್ನಪತ್ರಿಕೆಗಳ ಮೇಲೆ ವಿಳಾಸ ಬರೆದವನು ಮಾವ. ಊರಲ್ಲಿ ಅಷ್ಟು ಚೆಂದ ಅಕ್ಷರ ಇನ್ಯಾರದೂ ಇರಲಿಲ್ಲ. ಸರಕಾರ ಬೇಡವೆಂದ ಆ ಅಕ್ಷರದಲ್ಲಿ ಅವನು ನಮ್ಮ ಬೀಗರ, ಬಳಗದವರ, ವ್ಯಾಪಾರಿಗಳ ಹೆಸರುಗಳನ್ನು ಸೀಸದ ಗೆರೆ ಹಾಕಿಕೊಂಡು ಬರೆದ. ಒಂದು ಕೆಟ್ಟರೆ ಹರಿದು ಮತ್ತೆ ಬರೆದ. ಗೆರೆ ಅಳಿಸಲು ಹಿಟ್ಟಿನ ಉಂಡೆ ಬೇಕಾಯಿತು. ನಾನು ಒಳಗಿನಿಂದ ತಂದು ಕೊಟ್ಟೆ. ಇಸಿದುಕೊಂಡ. ಮದುವೆಯ ದಿನ ಪಂಕ್ತಿಯಲ್ಲಿ ನೀರು ಬಡಿಸಿದ, ಬೀಗರ ಬಂಡಿಗೆ ಎತ್ತು ಹೂಡಲು ಕೈ ಹಚ್ಚಿದ. ನಾನು ಓಣಿ ದಾಟಿದೆ, ಆದರೆ ಎದುರುಮನೆಗಲ್ಲ.

ನನ್ನ ಗಂಡ ಒಳ್ಳೆಯವರು. ಇದನ್ನು ಬರೆಯದೆ ಇದ್ದರೆ ತಪ್ಪಾಗುತ್ತದೆ. ಹಿರೇಕೆರೂರಿನಲ್ಲಿ ನನಗೆ ಉಣ್ಣಲು ಉಡಲು ಕಡಿಮೆಯಾಗಲಿಲ್ಲ, ಒಂದು ಬಿರುಸು ಮಾತು ಕೇಳಲಿಲ್ಲ. ಯುದ್ಧ ಶುರುವಾದ ಮರುವರ್ಷ, ಮೊದಲನೆಯ ಮಗಳು ತೊಟ್ಟಿಲಲ್ಲಿದ್ದಾಗ, ಒಂದು ಮಧ್ಯಾಹ್ನ ಬಾಗಿಲ ಬಳಿ ಖಾಕಿ ಬಟ್ಟೆಯವರೊಬ್ಬರು ನಿಂತಿದ್ದಾರೆ ಎಂದು ಅತ್ತೆ ಕರೆದರು. ಮಾವ. ಕೂದಲು ಸಣ್ಣಗೆ ಕತ್ತರಿಸಿದ್ದರು, ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಪಡೆಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿದೆ, ನಾಳಿದ್ದು ಹೊರಡಬೇಕು ಎಂದ. ಮಜ್ಜಿಗೆ ಕೊಟ್ಟೆ. ಅತ್ತೆ ಅಲ್ಲೇ ಕುಳಿತಿದ್ದರು, ಆಡುವುದಾದರೂ ಏನು? ಮಗಳನ್ನು ತೊಟ್ಟಿಲಿಂದ ಎತ್ತಿ ನೋಡಿದ. ಇದು ಎಲ್ಲಿ ಹುಟ್ಟಿತು ಎಂದು ಕೇಳಿದ. ತವರಿನಲ್ಲಿ, ಶಿಗ್ಗಾಂವಿಯಲ್ಲಿ ಎಂದೆ.

"ಛಲೋ ಆತು. ಇಕಿಗೆ ನೌಕರಿಗೆ ತ್ರಾಸಿಲ್ಲ" ಎಂದು ನಕ್ಕ. ಆಮೇಲೆ ಮೆಲ್ಲಗೆ, "ನನ್ನೂ ಕೇಳಿದ್ರು, ಹುಟ್ಟಿದ ಊರು. ಸವಣೂರು ಅಂದ್ನಿ. ಬರಕೊಂಡ್ರು. ಯಾರೂ ಏನೂ ಅನ್ನಲಿಲ್ಲ ನೋಡು" ಎಂದ. ಕೊನೆಗೂ ಒಂದು ಕಡೆ ಸುಳ್ಳು ಹೇಳದೆ ಆಯ್ಕೆಯಾದೆ ಎಂಬ ಸಮಾಧಾನ ಆ ಮುಖದಲ್ಲಿತ್ತು. ಸಾಯುವುದಕ್ಕೆ ಕರೆಯುವವರಿಗೆ ನಾಕಾದ ಆಚೆ ಹುಟ್ಟಿದವನಾದರೇನು, ಈಚೆ ಹುಟ್ಟಿದವನಾದರೇನು. ಬಾಗಿಲವರೆಗೆ ಹೋಗಿ ನಿಂತೆ. ತಿರುಗಿ ನೋಡಿ, ಅತ್ತೆಗೆ ಕೇಳದ ಹಾಗೆ, "ಬರ್ತೇನ್ರಿ ಸಾಹೇಬ್ರ" ಎಂದ.

ಬರಲಿಲ್ಲ. ಬರ್ಮಾದ ಕಡೆ ಎಲ್ಲೋ ಜ್ವರ ಬಂದು ಹೋದ ಎಂದು ದೊಡ್ಡಮಾವನಿಗೆ ತಿಳಿಸಿದರು. ನನಗೆ ಸುದ್ದಿ ತಂದವನು ಶಿಗ್ಗಾಂವಿಯ ಬಳೆಗಾರ. ನಾನು ಆಗ ರೊಟ್ಟಿ ಬಡಿಯುತ್ತಿದ್ದೆ. ಎಲ್ಲರೂ ಉಣ್ಣುವ ಹೊತ್ತು. ಬಡಿದು ಮುಗಿಸಿದೆ.

ಸ್ವಾತಂತ್ರ್ಯ ಬಂತು, ಸಂಸ್ಥಾನಗಳು ಹೋದವು. ನಂತರ ಒಂದು ಬೇಸಿಗೆ, ಗಂಡನ ಬಳಗದವರ ಮದುವೆಗೆಂದು ಸವಣೂರಿಗೆ ಹೋಗಬೇಕಾಯಿತು. ನಾನು ಆ ಊರು ನೋಡಿದ್ದು ಅದೇ ಮೊದಲು. ದಾರಿಯಲ್ಲಿ ನಾಕಾ ಎಲ್ಲಿತ್ತು ಎಂದು ಗಾಡಿಯವನನ್ನು ಕೇಳಿದೆ. ಅವನು ಚಾಟಿಯಿಂದ ತೋರಿಸಿದ ಕಡೆ ಒಂದು ಬೇವಿನ ಮರ, ಅದರ ಕೆಳಗೆ ಮೇಕೆಗಳು. ಮಧ್ಯಾಹ್ನ ಮದುವೆಮನೆಯವರೆಲ್ಲ ಅಡ್ಡಾದ ಮೇಲೆ ಕೇಳಿಕೊಂಡು ಆ ಮನೆಗೆ ಹೋದೆ. ಮಾವನ ತಾಯಿಯ ತಾಯಿ ಇನ್ನೂ ಇದ್ದಳು. ಪಡಸಾಲೆಯಲ್ಲಿ ಕುಳಿತು ವೀಳ್ಯದ ಎಲೆಗಳನ್ನು ಕಟ್ಟು ಕಟ್ಟುತ್ತಿದ್ದಳು. ಕಣ್ಣು ಮಂಜಾಗಿದ್ದವು, ಬೆರಳು ಮಾತ್ರ ಚುರುಕು. ನಾನು ಶಿಗ್ಗಾಂವಿಯವಳು, ನಿಮ್ಮ ಮೊಮ್ಮಗನ ಮನೆಯ ಎದುರಿನವಳು ಎಂದೆ. ಎಲೆ ಕೆಳಗಿಟ್ಟು ನನ್ನ ಕೈ ಹಿಡಿದು ಹತ್ತಿರ ಕೂಡಿಸಿಕೊಂಡಳು.

"ಅಂವಗ ಏನ ಆಗಬೇಕವಾ ನೀ?"

ಮುಲಾಖತ್ತಿನಲ್ಲಿ ಕುಳಿತವರ ಸಂಕಟ ನನಗೆ ಆಗ ತಿಳಿಯಿತು. "ಸೋದರತ್ತಿ ಮಗಳ್ರಿ" ಎಂದೆ. ನಿಜ ಅದೇ ಇತ್ತು, ಅಷ್ಟೇ ಇತ್ತು.

"ಪಡೆಗೆ ಹೋಗೂ ಮುಂದ ಬಂದಿದ್ದ ನೋಡು" ಎಂದಳು ಮುದುಕಿ. "ಇಲ್ಲೇ ಕುಂತಿದ್ದ. ಅವ್ವ ಎಲ್ಲಿ ಹಡದ್ಲು ಅಂತ ಕೇಳಿ ಆ ಕ್ವಾಣಿ ನೋಡಿದ. ಅಲ್ಲೇ ನೆಲದ ಮ್ಯಾಲ ಮಕ್ಕೊಂಡ ಆ ರಾತ್ರಿ… ಮದಿವಿ ಆಗೋ ತಮ್ಮಾ ಅಂದ್ನಿ. ಒಬ್ಬಾಕಿ ಇದ್ದಳಂತ. ಇಂವಗ ನೌಕರಿ ಹತ್ತಲಿಲ್ಲಂತ ಕೊಡಲಿಲ್ಲಂತ. ಹೆಸರು ಕೇಳಿದ್ನಿ, ಹೇಳಲಿಲ್ಲ." ನನ್ನ ಕೈ ಸವರುತ್ತ ಕೇಳಿದಳು. "ನಿಮ್ಮೂರಾಕಿನ ಇರಬೇಕಲ್ಲವಾ. ಛಲೋತ್ನಾಗಿ ಇದ್ದಾಳೇನು ಅಕಿ?"

"ಇದ್ದಾಳ್ರಿ" ಎಂದೆ.

ಈಗ ಆ ಮುದುಕಿ ಇಲ್ಲ. ದೊಡ್ಡಮಾವ, ಅಪ್ಪ, ಅವ್ವ, ನನ್ನ ಗಂಡ, ಯಾರೂ ಉಳಿದಿಲ್ಲ. ಮೊಮ್ಮಗಳು ಸೀರೆ ಉಟ್ಟು ನಮಸ್ಕಾರ ಮಾಡಿ ಬಸ್ಸಿಗೆ ಹೋದಳು. ನಾನು ಕುಳಿತು ಇಷ್ಟು ಬರೆದೆ. ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮುಂದೆ ಇವನೇ ಗಂಡನಾಗುವವನು ಎಂದು ಅವ್ವ ನಾನು ತೊದಲು ಮಾತಾಡುವಾಗಲೇ ಅವನ ಹೆಸರು ಹೇಳುವುದನ್ನು ಬಿಡಿಸಿದ್ದಳು. ಬೇರೆ ಮನೆಗೆ ಹೋದ ಮೇಲೆ ನನಗೆ ಆ ಕಟ್ಟು ಇರಲಿಲ್ಲ. ಹೇಳಬಹುದಿತ್ತು, ತಡೆಯುವವರು ಇರಲಿಲ್ಲ. ಈ ಕಾಗದದಲ್ಲೂ ಎಷ್ಟೋ ಕಡೆ ಆ ಹೆಸರು ಬರೆಯಬೇಕೆಂದು ಕೈ ಎತ್ತಿದೆ. ಆಗಲಿಲ್ಲ.